ತಂದೆಯ ಹೆಸರಿಲ್ಲದೆ ಶಾಲೆ ದಾಖಲೆ, ಜಾತಿ ಪ್ರಮಾಣಪತ್ರ ಮಾಡಿಸುವುದು ಹೇಗೆ?

ಬೆಣ್ಣೆನಗರಿ:
ಉಚ್ಚಂಗಿದುರ್ಗದ ಕಡೆಯ ಮನೆ. ಅಜ್ಜಿಗೆ ಮುತ್ತು ಕಟ್ಟಿದ್ದರು, ಅಂದರೆ ದೇವದಾಸಿಯಾಗಿ ಬಿಟ್ಟಿದ್ದರು, ತಾಯಿಗೂ ಕಟ್ಟಿದರು. ಮಗಳಿಗೆ ಕಟ್ಟಲು ಮಾತ್ರ ತಾಯಿ ಬಿಡಲಿಲ್ಲ. ಹುಡುಗಿಗೆ ಈಗ ಒಂಬತ್ತನೇ ಕ್ಲಾಸು. ಶಾಲೆಗೆ ಸೇರಿಸುವಾಗ ಕಾಲಂ ಖಾಲಿ ಬಿಡಬಾರದೆಂದು ಸೋದರಮಾವನ ಹೆಸರನ್ನೇ ತಂದೆ ಎಂದು ಬರೆಸಿದ್ದಾರೆ. ಜಾತಿ ಪ್ರಮಾಣಪತ್ರಕ್ಕೆ ಹೋದರೆ ರೇಷನ್ ಕಾರ್ಡಿಗೂ ಶಾಲೆ ದಾಖಲೆಗೂ ತಾಳೆಯಾಗುತ್ತಿಲ್ಲ, ತಂದೆಯ ಜಾತಿ ಯಾವುದು ಅಂತಲೂ ಕೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಕೋಟೆಬಾಗಿಲು:
ಶಾಲೆಯಿಂದ, ಅದೂ ಈ ವರ್ಷವೇ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ಕಳಿಸುವ ಮುಂಚೆ ದಾಖಲಾತಿ ಪುಸ್ತಕ, ಸ್ಯಾಟ್ಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ಎರಡರಲ್ಲೂ ತಿದ್ದಿಸಿ. ಅಂಕಪಟ್ಟಿ ಅಚ್ಚಾದ ಮೇಲಾದರೆ ತಿದ್ದುಪಡಿ ಪರೀಕ್ಷಾ ಮಂಡಳಿಯವರೆಗೂ ಹೋಗುತ್ತದೆ.

ಬೇಕಾಗುವುದು: ಮುಖ್ಯೋಪಾಧ್ಯಾಯರಿಗೆ ತಾಯಿಯ ಅರ್ಜಿ, ಜನನ ಪ್ರಮಾಣಪತ್ರ, ನೋಟರಿ ಮಾಡಿಸಿದ ಅಫಿಡವಿಟ್. ಅಫಿಡವಿಟ್‌ನಲ್ಲಿ ಮೂರೇ ಸಂಗತಿ ಇರಲಿ: ಈಕೆ ನನ್ನ ಮಗಳು, ಸಾಕುತ್ತಿರುವವಳು ನಾನೊಬ್ಬಳೇ, ತಂದೆ ಎಂದು ಬರೆದಿರುವುದು ನನ್ನ ಅಣ್ಣನ ಹೆಸರು. ಹೆತ್ತ ತಂದೆ ಯಾರೆಂದು ಬರೆಯಬೇಕಿಲ್ಲ. ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟರೆ ಮಗುವಿಗೆ ಜನನ ಪ್ರಮಾಣಪತ್ರ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲೇ ಹೇಳಿದೆ (ಎಬಿಸಿ ವಿರುದ್ಧ ದೆಹಲಿ ಸರ್ಕಾರ). ಹೆರಿಗೆ ಮನೆಯಲ್ಲಾಗಿ ನೋಂದಣಿಯೇ ಆಗಿರದಿದ್ದರೆ ವರ್ಷ ದಾಟಿದ ಪ್ರಕರಣ. ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಹಾಗಾಗಿ ಆ ಕೆಲಸ ಮೊದಲು ಹಿಡಿಯಿರಿ.

ಈ ಮಾವನ ಹೆಸರಿನ ತೊಡಕು ನಮ್ಮ ಭಾಗದಲ್ಲಿ ಬಹಳ. ಆ ದಾಖಲೆ ಪ್ರಕಾರ ಅಣ್ಣ ತಂಗಿ ಗಂಡ ಹೆಂಡತಿಯಾಗುತ್ತಾರೆ. ವಂಶವೃಕ್ಷ ಬರೆಯಲು ಕುಳಿತಾಗ ಅದು ಎದ್ದು ಕಾಣುತ್ತದೆ, ಆ ತಾಯಿ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ದಯವಿಟ್ಟು ಯಾರೂ ಸುಳ್ಳು ಹೆಸರು ಬರೆಸಬೇಡಿ.

ಹಗರಿತೀರ:
ಜಾತಿ ವಿಷಯ. ತಂದೆಯ ಜಾತಿ ಗೊತ್ತಿಲ್ಲದಿದ್ದರೆ ಪ್ರಮಾಣಪತ್ರವೇ ಇಲ್ಲ ಎನ್ನುವುದು ಸರಿಯಲ್ಲ. ಸುಪ್ರೀಂ ಕೋರ್ಟಿನ 2012ರ ರಮೇಶ್‌ಭಾಯ್ ಡಾಭಾಯ್ ನಾಯ್ಕಾ ತೀರ್ಪಿನ ಪ್ರಕಾರ, ಪರಿಶಿಷ್ಟ ಜಾತಿಯ ತಾಯಿಯ ಮಡಿಲಲ್ಲೇ, ಅವಳ ಕೇರಿಯಲ್ಲೇ ಬೆಳೆದ ಮಗು ಅದನ್ನು ಸಾಕ್ಷ್ಯದಿಂದ ತೋರಿಸಿ ತಾಯಿಯ ಜಾತಿಯನ್ನೇ ಕೇಳಬಹುದು. ನಾಡಕಚೇರಿ ಅರ್ಜಿಯ ಜೊತೆ ತಾಯಿಯ ಜಾತಿ ಪ್ರಮಾಣಪತ್ರ, ಇಬ್ಬರ ಹೆಸರೂ ಇರುವ ರೇಷನ್ ಕಾರ್ಡ್ ಇಡಿ. ಗ್ರಾಮ ಆಡಳಿತ ಅಧಿಕಾರಿ ಮಹಜರಿಗೆ (ಸ್ಥಳ ವಿಚಾರಣೆಗೆ) ಬಂದಾಗ ಕೇರಿಯ ಹಿರಿಯರ ಹೇಳಿಕೆ ಬರೆಸಿ. ಬಾಯಿಮಾತಲ್ಲಿ ಆಗಲ್ಲ ಅಂದರೆ ವಾಪಸ್ ಬರಬೇಡಿ, ಹಿಂಬರಹ (ಲಿಖಿತ ಉತ್ತರ) ಕೇಳಿ. ಹಿಂಬರಹ ಕೈಲಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು, ಗಡುವು 30 ದಿನ.

ತಾಯಿಯ ಹೆಸರು ದೇವದಾಸಿ ಸಮೀಕ್ಷೆ ಪಟ್ಟಿಯಲ್ಲಿದೆಯಾ ನೋಡಿ. ಮಾಸಾಶನ, ಮಕ್ಕಳ ಮದುವೆಯ ಪ್ರೋತ್ಸಾಹಧನ ಎಲ್ಲಕ್ಕೂ ಅದೇ ಆಧಾರ. ಹಳೆಯ ಸಮೀಕ್ಷೆಗಳು ಆಗಿದ್ದು 1993-94 ಮತ್ತು 2007-08ರಲ್ಲಿ. ಮೊದಲ ಸಲ ನಿಮ್ಮ ಉಚ್ಚಂಗಿದುರ್ಗ ಇರುವ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, ಎರಡನೇ ಸಲ ದಾವಣಗೆರೆಯಲ್ಲಿ. 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ 2021ರಿಂದ ವಿಜಯನಗರದಲ್ಲಿದೆ. ಒಂದು ಕಡೆ ಹೆಸರಿಲ್ಲ ಅಂದಾಕ್ಷಣ ಕೈಬಿಡಬೇಡಿ. ಮಹಿಳಾ ಅಭಿವೃದ್ಧಿ ನಿಗಮದ ದೇವದಾಸಿ ಪುನರ್ವಸತಿ ಯೋಜನೆಯವರಲ್ಲಿ ಹಳೇ ಜಿಲ್ಲೆಯ ಪಟ್ಟಿಯನ್ನೂ ನೋಡಿಸಿ.

ಬೆಣ್ಣೆನಗರಿ:
ತುಂಬಾ ಉಪಕಾರವಾಯಿತು. ಅಜ್ಜಿ ಹೆಸರಲ್ಲಿ ಒಂದು ಮನೆಯಿದೆ. ಅದು ಮೊಮ್ಮಗಳವರೆಗೆ ಬರುತ್ತದಾ? ಪ್ಯಾನ್ ಕಾರ್ಡಿಗೆ ಏನು ಮಾಡಬೇಕು?

ಕೋಟೆಬಾಗಿಲು:
ಬರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮದುವೆಯಿಲ್ಲದೆ ಹುಟ್ಟಿದ ಮಕ್ಕಳೂ ತಾಯಿಯ ವಾರಸುದಾರರೇ. ಆದರೆ ಅಜ್ಜಿಯ ಬೇರೆ ಮಕ್ಕಳಿಗೂ, ಅಂದರೆ ಆ ಮಾವನಿಗೂ ಪಾಲಿದೆ. ಹುಡುಗಿಗೇ ಸೇರಲಿ ಎನ್ನುವುದಾದರೆ ಅಜ್ಜಿ ಗಟ್ಟಿಯಾಗಿರುವಾಗಲೇ ವಿಲ್ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ.

ಪ್ಯಾನ್‌ಗೆ 2018ರ ಡಿಸೆಂಬರ್‌ನಿಂದ, ತಾಯಿ ಒಬ್ಬಳೇ ಪೋಷಕಿಯಾಗಿದ್ದರೆ ಅವಳ ಹೆಸರೇ ಸಾಕು. ಪಾಸ್‌ಪೋರ್ಟಿಗೂ ಒಬ್ಬರ ಹೆಸರು ಸಾಕು.

ಹಗರಿತೀರ:
ಇನ್ನೊಂದು ಮಾತು. ತಾಯಿ ಮದುವೆಯಾಗಲು ಬಯಸಿದರೆ ಮುತ್ತು ಅಡ್ಡಿಯಲ್ಲ, 1982ರ ದೇವದಾಸಿ ನಿಷೇಧ ಕಾಯ್ದೆಯೇ ಆ ಮದುವೆಯನ್ನು ಮಾನ್ಯ ಮಾಡಿತ್ತು. ಭರತ ಹುಣ್ಣಿಮೆ ಹೊತ್ತಿಗೆ ಮನೆಯವರು ಮುತ್ತು ಕಟ್ಟಿಸಲು ಹುಡುಗಿಯ ಮೇಲೆ ಒತ್ತಡ ತಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮುತ್ತು ಕಟ್ಟಿಸಿದವರು ಹೆತ್ತವರೋ ಬಂಧುಗಳೋ ಆಗಿದ್ದರೂ ಐದು ವರ್ಷದವರೆಗೆ ಜೈಲು. ಇದನ್ನು ಆ ಮಾವನಿಗೂ ತಿಳಿಸಿ.