ಅಪ್‌ಡೇಟ್: ಆ ಹಠಮಾರಿ ಸ್ಕ್ರೂ ಕೊನೆಗೂ ಬಿಚ್ಚಿ ಬಂತು

ಹೋದ ವಾರ ಕೇಳಿದ್ದೆ ಅಲ್ವಾ, ಬೈಕ್ ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಸ್ಕ್ರೂ ತಲೆ ಸವೆದಿದೆ, ಏನು ಮಾಡಲಿ ಅಂತ. ಬಂತು! ಡಬ್ಬಿ ಅಲ್ಯೂಮಿನಿಯಂ, ಸ್ಕ್ರೂ ಕಬ್ಬಿಣದ್ದು. ಮಳೆನೀರು ಇಳಿದು ಎರಡೂ ಕಚ್ಚಿಕೊಂಡಿದ್ದವು. ಒಳಗಿನ ರಬ್ಬರ್ ಹಾಳಾಗುತ್ತೆ ಅಂತ ಸ್ಕ್ರೂ ಸಡಿಲಿಸೋ ಎಣ್ಣೆ ಹಾಕಲಿಲ್ಲ. ಸ್ಕ್ರೂ ತಲೆಯ ಮೇಲೆ ಪಂಚ್ (ಚಿಕ್ಕ ಲೋಹದ ಕಡ್ಡಿಯಂಥ ಉಪಕರಣ) ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಐದಾರು ಸಲ ತಟ್ಟಿದೆ. ಆಮೇಲೆ ಜೆಐಎಸ್ ಸ್ಕ್ರೂಡ್ರೈವರ್ (ಜಪಾನಿ ಮಾನದಂಡದ್ದು, ಇಂಥ ಸ್ಕ್ರೂ ತಲೆಗೆ ಸರಿಯಾಗಿ ಕೂರುತ್ತೆ) ಕೂರಿಸಿ, ಅಂಗೈಯಿಂದ ಒತ್ತಿ ತಿರುಗಿಸಿದೆ. ‘ಟಕ್’ ಅಂತು. ಬಿಳಿ ಪುಡಿ ಉದುರಿತು. ಇಷ್ಟು ದಿನ ಮನೆಯ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ಸುಮ್ನೆ ತಲೆ ಸವೆಸಿದ್ದು ನಾನೇ. ಈಗ ಅದೇ ಅಳತೆಯ ಸ್ಟೀಲ್ ಅಲೆನ್ ಸ್ಕ್ರೂ (ತಲೆಯಲ್ಲಿ ಆರು ಮೂಲೆಯ ತೂತು ಇರೋದು) ಹಾಕಿದ್ದೇನೆ, ಜಾಸ್ತಿ ಬಿಗಿ ಮಾಡಿಲ್ಲ. ಟ್ಯಾಂಕ್ ಮೇಲೆ ಬಟ್ಟೆ ಹಾಸಿದ್ದೂ ಒಳ್ಳೆಯದಾಯಿತು, ಎರಡು ಹನಿ ಬ್ರೇಕ್ ಆಯಿಲ್ ಅದರ ಮೇಲೇ ಬಿತ್ತು.