ಆರ್ದ್ರಾ ನಕ್ಷತ್ರ ಈಗಾಗಲೇ ಸತ್ತುಹೋಗಿದೆಯಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಿನ್ನೆ ರಾತ್ರಿ ಮಗಳಿಗೆ ಆರ್ದ್ರಾ ನಕ್ಷತ್ರ ತೋರಿಸಿದೆ. ಮಹಾವ್ಯಾಧ ಪುಂಜದಲ್ಲಿ ಕೆಂಪಗೆ ಕಾಣುತ್ತದಲ್ಲ, ಬೀಟಲ್‌ಜ್ಯೂಸ್ ಅಂತಾರಲ್ಲ, ಅದೇ. ‘ಅದು ಯಾವತ್ತೋ ಸತ್ತುಹೋಗಿದೆ, ಈಗ ಕಾಣುತ್ತಿರುವುದು ಹಳೆಯ ಬೆಳಕು’ ಅಂದೆ. ಅವಳು ಅತ್ತೇಬಿಟ್ಟಳು. ನಾನು ಹೇಳಿದ್ದು ಸರಿಯಾ? ನಕ್ಷತ್ರ ಸಾಯುವುದು ಅಂದರೆ ಏನು?

ಉತ್ತರ: ಮೊದಲು ಮಗಳಿಗೆ ಸಮಾಧಾನ ಹೇಳಿ. ಆರ್ದ್ರಾ ಇನ್ನೂ ಇದೆ ಅಂತಲೇ ಇಟ್ಟುಕೊಳ್ಳಬಹುದು. ಅದರ ಬೆಳಕು ನಮ್ಮನ್ನು ಮುಟ್ಟಲು 500ರಿಂದ 700 ವರ್ಷ ಬೇಕು. ಅದಕ್ಕೆ ಇನ್ನೂ ಒಂದು ಲಕ್ಷ ವರ್ಷದಷ್ಟು ಆಯಸ್ಸು ಉಳಿದಿರಬಹುದು ಅನ್ನುವುದು ಹೆಚ್ಚಿನ ಖಗೋಳ ವಿಜ್ಞಾನಿಗಳ ಲೆಕ್ಕ. ಅಷ್ಟು ಕಾಲದಲ್ಲಿ ಸರಿಯಾಗಿ ಈ ಕೆಲವು ನೂರು ವರ್ಷದೊಳಗೇ ಸತ್ತಿರುವ ಸಾಧ್ಯತೆ ನೂರಕ್ಕೆ ಒಂದೂ ಇಲ್ಲ. 2019ರ ಕೊನೆಯಲ್ಲಿ ಅದು ಮಂಕಾದಾಗಲೂ ಇನ್ನೇನು ಸಿಡಿಯುತ್ತದೆ ಅಂತ ಸುದ್ದಿ ಹಬ್ಬಿತ್ತು. ಅದು ತಾನೇ ಹೊರಗೆ ಉಗುಳಿದ ಅನಿಲ ತಣ್ಣಗಾಗಿ, ಧೂಳಾಗಿ, ನಮಗೆ ಅಡ್ಡ ಬಂದಿತ್ತು. ಕೆಲವು ತಿಂಗಳಲ್ಲಿ ಹೊಳಪು ವಾಪಸ್ ಬಂತು.

ಈಗ ಸಾವಿನ ವಿಷಯ. ನಕ್ಷತ್ರವನ್ನು ಅದರ ತೂಕವೇ ಒಳಕ್ಕೆ ಅದುಮುತ್ತಿರುತ್ತದೆ. ತಿರುಳಿನ ಬಿಸಿ ಅದನ್ನು ಹೊರಕ್ಕೆ ತಳ್ಳುತ್ತದೆ. ಬದುಕಿರುವಷ್ಟು ದಿನವೂ ಈ ಜಗ್ಗಾಟ ನಡೆದೇ ಇರುತ್ತದೆ. ಆ ಬಿಸಿ ಬರುವುದು ಹೈಡ್ರೋಜನ್ ಬೆಸೆದು ಹೀಲಿಯಂ ಆಗುವುದರಿಂದ. ಹೈಡ್ರೋಜನ್ ಮುಗಿದರೆ ದೊಡ್ಡ ನಕ್ಷತ್ರ ಹೀಲಿಯಂ ಬೆಸೆಯುತ್ತದೆ, ಆಮೇಲೆ ಕಾರ್ಬನ್, ನಿಯಾನ್, ಆಕ್ಸಿಜನ್, ಸಿಲಿಕಾನ್. ಒಂದೊಂದು ಹಂತವೂ ಹಿಂದಿನದಕ್ಕಿಂತ ಬೇಗ ಮುಗಿಯುತ್ತದೆ. ಹೈಡ್ರೋಜನ್ ಲಕ್ಷಾಂತರ ವರ್ಷ ಬಂದರೆ ಸಿಲಿಕಾನ್ ಬರುವುದು ಹೆಚ್ಚುಕಡಿಮೆ ಒಂದು ದಿನ! ಕೊನೆಗೆ ಕಬ್ಬಿಣ ಉಳಿಯುತ್ತದೆ. ಕಬ್ಬಿಣವನ್ನು ಬೆಸೆದರೆ ಶಕ್ತಿ ಸಿಗುವುದಿಲ್ಲ, ಖರ್ಚಾಗುತ್ತದೆ. ತಳ್ಳುವವರು ಯಾರೂ ಇಲ್ಲ. ತಿರುಳು ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ. ಎಷ್ಟು ವರ್ಷ ಕಲಿಸಿದರೂ ಇಲ್ಲಿಗೆ ಬಂದಾಗ ನನ್ನ ಮೈ ಜುಮ್ಮೆನ್ನುತ್ತದೆ.

ತಿರುಳು ಸುಮಾರು 20 ಕಿಲೋಮೀಟರ್ ಅಗಲದ ನ್ಯೂಟ್ರಾನ್ ನಕ್ಷತ್ರವಾಗಬಹುದು, ತೂಕ ತೀರಾ ಜಾಸ್ತಿಯಿದ್ದರೆ ಕಪ್ಪು ಕುಳಿಯಾಗಬಹುದು. ಹೊರಗಿನ ಪದರಗಳು ಸಾಮಾನ್ಯವಾಗಿ ಸಿಡಿದು ಚೆದುರುತ್ತವೆ. ಅದೇ ಸೂಪರ್‌ನೋವಾ.

ಪ್ರಶ್ನೆ: ಹಾಗಾದರೆ ಸೂರ್ಯನೂ ಸಿಡಿಯುತ್ತಾನಾ ಮೇಡಂ?

ಉತ್ತರ: ಇಲ್ಲ. ಹಾಗೆ ಸಿಡಿಯಲು ಸೂರ್ಯನ ಎಂಟು ಪಟ್ಟಾದರೂ ತೂಕ ಬೇಕು. ನಮ್ಮ ಸೂರ್ಯನಿಗೆ ಈಗ 460 ಕೋಟಿ ವರ್ಷ. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಉಬ್ಬಿ ಕೆಂಪು ದೈತ್ಯನಾಗುತ್ತಾನೆ. ಆಮೇಲೆ ಹೊರಪದರ ಕಳಚಿಕೊಂಡು, ಭೂಮಿಯಷ್ಟೇ ಗಾತ್ರದ ಶ್ವೇತ ಕುಬ್ಜನಾಗಿ ಸುಮ್ನೆ ಆರುತ್ತಾ ಹೋಗುತ್ತಾನೆ. ಶ್ವೇತ ಕುಬ್ಜದ ತೂಕಕ್ಕೆ ಒಂದು ಮಿತಿ ಇದೆ, ಸೂರ್ಯನ ಸುಮಾರು 1.4 ಪಟ್ಟು. ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಈ ಲೆಕ್ಕ ಶುರು ಮಾಡಿದರು. ಆಗ ಅವರಿಗೆ 19 ವರ್ಷ. ನೊಬೆಲ್ ಬಂದದ್ದು 1983ರಲ್ಲಿ.

ಪ್ರಶ್ನೆ (ಮೊದಲು ಕೇಳಿದವರು): ಮಗಳಿಗೆ ಹೇಳಿದೆ ಮೇಡಂ, ತುಂಬಾ ಖುಷಿಪಟ್ಟಳು. ಆರ್ದ್ರಾ ಸಿಡಿದರೆ ನಮಗೆ ಅಪಾಯ ಇದೆಯಾ ಅಂತ ಕೇಳ್ತಿದ್ದಾಳೆ.

ಉತ್ತರ: ಅಷ್ಟು ದೂರದಿಂದ ಏನೂ ಆಗುವುದಿಲ್ಲ ಅಂತ ಹೇಳಿ. ಹಗಲಲ್ಲೂ ಕಾಣುವಷ್ಟು ಹೊಳೆಯುತ್ತದೆ, ಅಷ್ಟೇ. ಆದರೆ ಮೊದಲು ತಿಳಿಯುವುದು ಕಣ್ಣಿಗಲ್ಲ. ತಿರುಳು ಕುಸಿದಾಗ ಶಕ್ತಿಯ ಹೆಚ್ಚಿನ ಪಾಲನ್ನು ನ್ಯೂಟ್ರಿನೋ ಅನ್ನುವ ಕಣಗಳು ಹೊತ್ತು ಹೊರಡುತ್ತವೆ. ಅವು ಯಾವುದಕ್ಕೂ ತಡೆಯದೆ ತೂರಿಬರುತ್ತವೆ. ಸ್ಫೋಟದ ಅಲೆ ನಕ್ಷತ್ರದ ಮೇಲ್ಮೈ ತಲುಪಿ ಬೆಳಕಾಗಲು ಇನ್ನೂ ಹೊತ್ತು ಬೇಕು. 1987ರ ಫೆಬ್ರವರಿ 23ರಂದು, ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರ ಸಿಡಿದಾಗ ಹೀಗೇ ಆಯಿತು. ಬೆಳಕು ಬರುವ ಕೆಲವು ಗಂಟೆ ಮೊದಲೇ ಜಪಾನಿನ ಕಾಮಿಯೋಕಾಂಡೆ (ನ್ಯೂಟ್ರಿನೋ ಹಿಡಿಯಲು ನೆಲದಡಿ ಇಟ್ಟ ದೊಡ್ಡ ನೀರಿನ ತೊಟ್ಟಿ) ಸೇರಿ ಮೂರು ಕಡೆ ಒಟ್ಟು ಎರಡು ಡಜನ್‌ನಷ್ಟು ನ್ಯೂಟ್ರಿನೋ ಸಿಕ್ಕವು. ಆರ್ದ್ರಾದ ಸರದಿ ಬಂದಾಗಲೂ ನೆಲದಡಿಯ ಅಂಥ ನೀರಿನ ತೊಟ್ಟಿಗಳಿಗೇ ಮೊದಲು ಗೊತ್ತಾಗುವುದು.