ಪದಚರ್ಚೆ: ಮಾಡರೇಟರ್ ಚಲಕಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಎಂ.ಎ. ಓದುವ ಮಕ್ಕಳಿಗಾಗಿ ಸಂಖ್ಯಾಶಾಸ್ತ್ರದ ಟಿಪ್ಪಣಿ ಬರೆಯುತ್ತಿದ್ದೇನೆ. ‘ಮಾಡರೇಟರ್’ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಒಂದು ಚಲಕ (ವೇರಿಯಬಲ್) ಇನ್ನೊಂದರ ಮೇಲೆ ಬೀರುವ ಪರಿಣಾಮವನ್ನು ಬದಲಿಸುವ ಮೂರನೆಯ ಚಲಕಕ್ಕೆ ಹಾಗನ್ನುತ್ತಾರೆ.

ಮಾಡರೇಟ್ ಅಂದರೆ ಮಿತಗೊಳಿಸು, ತಗ್ಗಿಸು ಅಂತ ಅರ್ಥ ಹೇಳುತ್ತೇವೆ. ಅದನ್ನೇ ನಂಬಿ ಮೊದಲು ‘ತಗ್ಗಿಸುವ ಚಲಕ’ ಅಂತ ಬರೆದಿದ್ದೆ. ಒಬ್ಬ ವಿದ್ಯಾರ್ಥಿನಿ ಸಂಖ್ಯಾಶಾಸ್ತ್ರದ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ನಲ್ಲಿ ಪ್ರೋಸೆಸ್ ಮ್ಯಾಕ್ರೊದ (ಅದಕ್ಕೆ ಸೇರಿಸಿಕೊಳ್ಳುವ ಸಹಾಯಕ ಪ್ರೋಗ್ರಾಂ) ಮಾಡೆಲ್ 1, ಅಂದರೆ ಮಾಡರೇಟರ್ ಪರೀಕ್ಷೆ, ಹಾಕಿ, ಬಂದ ಫಲಿತಾಂಶದ ಹಾಳೆ ತಂದಳು. ‘ಇಂಟ್_1’ ಅನ್ನುವ ಸಾಲಿನ ಮೇಲೆ ಬೆರಳಿಟ್ಟು, “ಮೇಡಂ, ಮೇಲಿನ ಸಾಲುಗಳೂ ಪ್ಲಸ್, ಇದೂ ಪ್ಲಸ್. ಪರಿಣಾಮ ಜಾಸ್ತಿ ಆಗ್ತಿದೆ ಅಲ್ವಾ? ಮತ್ತೆ ತಗ್ಗಿಸುವ ಚಲಕ ಅಂತ ಯಾಕೆ ಬರೀಬೇಕು?” ಅಂದಳು. ಅವಳು ಕೇಳಿದ್ದು ಸರಿ. ಆ ಪದವನ್ನು ಅವತ್ತೇ ಹೊಡೆದುಹಾಕಿದೆ.

ಆ ಸಾಲಿನಲ್ಲಿರುವುದು ಎರಡು ಚಲಕಗಳ ಗುಣಲಬ್ಧದ ಗುಣಾಂಕ, ಅಂದರೆ ಒಂದರ ಪರಿಣಾಮ ಇನ್ನೊಂದಕ್ಕೆ ತಕ್ಕಂತೆ ಎಷ್ಟು ಬದಲಾಗುತ್ತದೆ ಅನ್ನುವುದು. ಹೊಲಕ್ಕೆ ಬಂದರೆ ಇದು ಬೇಗ ತಿಳಿಯುತ್ತದೆ. ರಾಗಿಗೆ ಯೂರಿಯಾ ಮೇಲುಗೊಬ್ಬರ ಕೊಡುತ್ತೇವೆ. ನೆಲದಲ್ಲಿ ತೇವ ಇದ್ದರೆ ಪೈರು ಎದ್ದು ಬರುತ್ತದೆ. ತೇವ ಕಡಿಮೆಯಾದರೆ ಹಾಕಿದಷ್ಟು ಫಲ ಸಿಗುವುದಿಲ್ಲ. ಒಣ ನೆಲಕ್ಕೆ ಜಾಸ್ತಿ ಸುರಿದರೆ ಪೈರು ಸುಟ್ಟೇ ಹೋಗಬಹುದು. ಗೊಬ್ಬರ ಅದೇ, ರಾಗಿ ಅದೇ, ತೇವ ಮಾತ್ರ ಬೇರೆ. ಇಲ್ಲಿ ತೇವವೇ ಮಾಡರೇಟರ್. ಅದು ಗೊಬ್ಬರದ ಪರಿಣಾಮವನ್ನು ಏರಿಸಬಹುದು, ಇಳಿಸಬಹುದು, ತಿರುಗಿಸಿಯೂ ಬಿಡಬಹುದು. ಮನೋವಿಜ್ಞಾನಿಗಳಾದ ಬ್ಯಾರನ್ ಮತ್ತು ಕೆನಿ 1986ರ ತಮ್ಮ ಲೇಖನದಲ್ಲಿ ಈ ಪದವನ್ನು ಬಿಡಿಸಿ ಹೇಳುವಾಗ ಬಲ, ದಿಕ್ಕು ಎರಡನ್ನೂ ಸೇರಿಸಿದ್ದಾರೆ. ನಮ್ಮ ಪದವೂ ಈ ಎರಡಕ್ಕೂ ಜಾಗ ಬಿಡಬೇಕು.

‘ನಿಯಂತ್ರಕ ಚಲಕ’ ನನಗೆ ಒಪ್ಪಿಗೆಯಿಲ್ಲ. ತನ್ನ ಪ್ರಭಾವ ಬೆರೆಯದಂತೆ ಹಿಡಿದಿಡುವ ಕಂಟ್ರೋಲ್ ವೇರಿಯಬಲ್‌ಗೆ ‘ನಿಯಂತ್ರಿತ ಚಲಕ’ ಅನ್ನುತ್ತೇವೆ, ಒಂದೆರಡು ಅಕ್ಷರದ ವ್ಯತ್ಯಾಸದಲ್ಲಿ ಮಕ್ಕಳು ಎಡವುತ್ತಾರೆ. ‘ಮಧ್ಯವರ್ತಿ’ಯಂತೂ ಬೇಡವೇ ಬೇಡ, ಅದು ಮೀಡಿಯೇಟರ್‌ಗೆ ಬೇಕು. ಗೊಬ್ಬರದಿಂದ ತೆಂಡೆ (ಪೈರಿನ ಬುಡದಿಂದ ಒಡೆಯುವ ಕವಲು) ಹೆಚ್ಚಿ, ತೆಂಡೆಯಿಂದ ಇಳುವರಿ ಹೆಚ್ಚಿದರೆ ತೆಂಡೆ ಮಧ್ಯವರ್ತಿ. ಅದರ ಪರೀಕ್ಷೆಯೇ ಬೇರೆ. ಪ್ರೋಸೆಸ್‌ನಲ್ಲಿ ಅದು ಮಾಡೆಲ್ 4.

ನನ್ನ ಮನಸ್ಸು ‘ಹದ’ದ ಕಡೆ ವಾಲಿದೆ. ಹದ ಮಳೆ ಅನ್ನುತ್ತೇವೆ, ಹದ ನೋಡಿ ಬಿತ್ತುತ್ತೇವೆ. ನೆಲದ ಹದದ ಮೇಲೆ ಬೀಜದ ಗತಿ ನಿಂತಿದೆ ಅನ್ನುವುದು ಆ ಪದದ ಒಳಗೇ ಇದೆ. ‘ಹದಚಲಕ’ ಅಂದರೆ ಚಿಕ್ಕದು, ಬಾಯಿಗೂ ಸುಲಭ. ಆದರೆ ಒಂದು ತೊಡಕು. ಹದ ಅಂದ ಕೂಡಲೇ ‘ಸರಿಯಾದ ಅಳತೆ’ ಅನ್ನುವ ಅರ್ಥ ಅಂಟಿಕೊಂಡು ಬರುತ್ತದೆ. ಎಷ್ಟೋ ಸಲ ಮಾಡರೇಟರ್ ಗಂಡು-ಹೆಣ್ಣು, ಹಳ್ಳಿ-ಪೇಟೆ ಅನ್ನುವಂಥ ಗುಂಪು. ಅಲ್ಲಿ ಹದ ಎಲ್ಲಿಂದ ಬಂತು? ಅಂಥ ಕಡೆ ‘ಮಾರ್ಪಡಿಸುವ ಚಲಕ’ ಸಪ್ಪೆಯಾದರೂ ತಪ್ಪು ಅರ್ಥ ಕೊಡುವುದಿಲ್ಲ.

ಬೇಸಾಯದ ಮನೆಯವರು, ಮುಖ್ಯವಾಗಿ ಉತ್ತರ ಕರ್ನಾಟಕದವರು, ಒಂದು ಮಾತು ಹೇಳಿ. “ತೇವ ಗೊಬ್ಬರವನ್ನು ಹದ ಮಾಡುತ್ತದೆ” ಅಂದರೆ ನಿಮ್ಮ ಕಿವಿಗೆ ಸರಿಯಾಗಿ ಕೇಳುತ್ತದೆಯೇ? ಅಥವಾ ಹದ ಬರೀ ನೆಲಕ್ಕೆ, ಹಿಟ್ಟಿಗೆ, ಪಾಕಕ್ಕೆ ಮಾತ್ರ ಸಲ್ಲುವ ಪದವೇ?